ಟ್ರ್ಯಾಕ್ ಫ್ರೇಮ್ ಸೈಕಲ್ ಮಂಗಳೂರಿನ ರಸ್ತೆಗೆ ಆಗುತ್ತದಾ?

ಗೇರ್ ಇಲ್ಲ, ತೂಗಾಡುವ ಕೇಬಲ್ ಇಲ್ಲ, ತೆಳ್ಳಗಿನ ಪೈಪು, ಹಿಂದಿನ ಚಕ್ರದ ಆಕ್ಸಲ್ ಕೂರಿಸಲು ಹಿಂದಕ್ಕೆ ಬಾಯಿ ತೆರೆದ ಡ್ರಾಪ್‌ಔಟ್. ಟ್ರ್ಯಾಕ್ ಫ್ರೇಮಿನ ಸೈಕಲ್ ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಆನ್‌ಲೈನಿನಲ್ಲಿ ‘ಫಿಕ್ಸಿ’ ಎಂದು ಮಾರಾಟಕ್ಕಿರುವ ಸೈಕಲ್‌ಗಳೂ ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡಾಗಿ ಇಲ್ಲಿಗೆ ಬರುವ ಫ್ರೇಮ್‌ಗಳೂ ಹೆಚ್ಚಾಗಿ ಇದೇ ಜಾತಿಯವು. ಮಂಗಳೂರು, ಉಡುಪಿ ಕಡೆ ದಿನಾ ಆಫೀಸಿಗೆ, ಕಾಲೇಜಿಗೆ, ಪೇಟೆಗೆ ಓಡಿಸಲು ಇದು ಆಗುತ್ತದಾ ಎಂದರೆ ಉತ್ತರ ಎರಡು ತುಂಡು. ಗೇರ್ ಇಲ್ಲದಿರುವುದು ಕರಾವಳಿಯಲ್ಲಿ ದೊಡ್ಡ ಲಾಭ. ಫ್ರೇಮನ್ನು ವೆಲೊಡ್ರೋಮಿಗೆಂದು, ಅಂದರೆ ಸೈಕಲ್ ರೇಸಿನ ಸುತ್ತು ಟ್ರ್ಯಾಕಿಗೆಂದು, ಮಾಡಿರುವುದು ದೊಡ್ಡ ತೊಂದರೆ. ಇವೆರಡನ್ನೂ ಒಂದೇ ಎಂದುಕೊಂಡು ದುಡ್ಡು ಹಾಕಿದವರೇ ಆಮೇಲೆ ತಲೆ ಕೆರೆದುಕೊಳ್ಳುವುದು.

ಮೊದಲು ಲಾಭದ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಉಳಿದ ತಿಂಗಳು ಪಣಂಬೂರು, ಮಲ್ಪೆ ಕಡೆಯಿಂದ ಬರುವ ಉಪ್ಪು ಗಾಳಿ, ರಸ್ತೆ ಬದಿಯ ಕೆಂಪು ಮುರಕಲ್ಲಿನ ಕೆಸರು. ಈ ಮೂರೂ ಸೇರಿದರೆ ಗೇರ್ ಬದಲಿಸುವ ಡಿರೇಲರ್‌ನ ಸಣ್ಣ ಸ್ಪ್ರಿಂಗು, ಗೇರ್ ಕೇಬಲ್, ತೆಳು ಚೈನ್ ಯಾವುದೂ ಹೆಚ್ಚು ದಿನ ಬಾಳುವುದಿಲ್ಲ. ಸಿಂಗಲ್ ಸ್ಪೀಡಿನಲ್ಲಿ ಇದ್ಯಾವುದೂ ಇಲ್ಲ. ಅದರ ಚೈನ್ ಅರ್ಧ ಇಂಚು ಪಿಚ್, 1/8 ಇಂಚು ಅಗಲದ್ದು. ಹಾಲಿನವರು ಓಡಿಸುವ ಹಳೆಯ ಕಪ್ಪು ಸೈಕಲ್‌ನ ಅಳತೆಯೂ ಅದೇ. ಹಾಗಾಗಿ ಊರಿನ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ವರ್ಷಕ್ಕೊಂದು ಚೈನ್ ಬದಲಿಸಿದರೂ ಜೇಬಿಗೆ ಭಾರವಲ್ಲ. ಆದರೆ ಟಯರಿಗೆ ಇದೇ ಲೆಕ್ಕ ಹಾಕಬೇಡಿ. ಕಪ್ಪು ಸೈಕಲ್‌ನ 28 × 1½ ಟಯರ್ 635 ಮಿ.ಮೀ. ರಿಮ್ಮಿನದು, ಟ್ರ್ಯಾಕ್ ಸೈಕಲ್‌ನ 700ಸಿ 622 ಮಿ.ಮೀ.ದು. ಒಂದಕ್ಕೊಂದು ಕೂರುವುದಿಲ್ಲ. ತೆಳ್ಳಗಿನ ಪ್ರೆಸ್ಟಾ ವಾಲ್ವಿನ ಟ್ಯೂಬ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯಲು ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ.

ಇನ್ನು ತೊಂದರೆಯ ಕಡೆ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣ ಸಂಕೀರ್ಣದಲ್ಲಿರುವಂಥ 250 ಮೀಟರಿನ ಟ್ರ್ಯಾಕಿನಲ್ಲಿ ತಿರುವುಗಳು 40 ಡಿಗ್ರಿಗೂ ಹೆಚ್ಚು ವಾಲಿರುತ್ತವೆ. ಅಲ್ಲಿ ಹೊಂಡವಿಲ್ಲ, ಹಂಪಿಲ್ಲ, ಮಳೆಯಿಲ್ಲ, ಎದುರಿನಿಂದ ಬರುವ ಸಿಟಿ ಬಸ್ಸೂ ಇಲ್ಲ. ಬ್ರೇಕ್ ಇರಕೂಡದೆಂಬುದು ಅಲ್ಲಿನ ನಿಯಮ. ಗೇರ್ ಫಿಕ್ಸೆಡ್, ಅಂದರೆ ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ; ತುಳಿಯುವುದನ್ನು ತಿರುವಿನಲ್ಲೂ ನಿಲ್ಲಿಸುವಂತಿಲ್ಲವಾದ್ದರಿಂದ ಪೆಡಲ್ ನೆಲಕ್ಕೆ ತಾಗದಂತೆ ಬಾಟಮ್ ಬ್ರ್ಯಾಕೆಟನ್ನು (ಪೆಡಲಿನ ತೋಳುಗಳು ತಿರುಗುವ ಅಚ್ಚಿನ ಜಾಗ) ಎತ್ತರದಲ್ಲಿ ಇಡುತ್ತಾರೆ: ರೋಡ್ ಸೈಕಲ್‌ನಲ್ಲಿ ಆಕ್ಸಲ್‌ಗಿಂತ 70 ಮಿ.ಮೀ. ಆಸುಪಾಸು ಕೆಳಗಿದ್ದರೆ ಇದರಲ್ಲಿ 50ರಿಂದ 60. ಈ ಒಂದು ಅಂಶ ಮಾತ್ರ ನಮ್ಮ ರಸ್ತೆ ಹಂಪುಗಳಿಗೆ ಅನುಕೂಲ. ಉಳಿದದ್ದೆಲ್ಲ ಪ್ರತಿಕೂಲ.

ಎಲ್ಲಕ್ಕಿಂತ ಮುಖ್ಯವಾದದ್ದು ಟಯರಿಗೆ ಇರುವ ಜಾಗ. ಅಪ್ಪಟ ಟ್ರ್ಯಾಕ್ ಫ್ರೇಮಿನಲ್ಲಿ 23 ಅಥವಾ 25 ಮಿ.ಮೀ. ಟಯರ್ ಹಿಡಿದರೆ ಮುಗಿಯಿತು. ಮಂಗಳೂರಿನ ಒಳರಸ್ತೆಗಳು ಬಹುಪಾಲು ಕಾಂಕ್ರೀಟ್. ಮೇಲ್ಮೈ ಚೆನ್ನಾಗಿದೆ ಎಂದು ನಂಬಿದರೆ ಸ್ಲ್ಯಾಬ್ ಸ್ಲ್ಯಾಬಿನ ನಡುವೆ ರಸ್ತೆಯ ಉದ್ದಕ್ಕೆ ಹೋಗುವ ಜಾಯಿಂಟಿನಲ್ಲಿ ಡಾಂಬರು ಎದ್ದು ಹೋಗಿ ಸಂದು ಬಿಟ್ಟಿರುತ್ತದೆ, 23 ಮಿ.ಮೀ. ಟಯರ್ ಅದರೊಳಗೆ ಇಳಿದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ಕಾಂಕ್ರೀಟಿನ ಅಂಚು ಮುಗಿದು ಇಂಟರ್‌ಲಾಕ್ ಅಥವಾ ಮಣ್ಣು ಶುರುವಾಗುವಲ್ಲಿ ಮೂರು ನಾಲ್ಕು ಇಂಚಿನ ಇಳಿತ, ಚರಂಡಿಯ ಮೇಲಿನ ಕಬ್ಬಿಣದ ಜಾಲರಿ, ಪಾಂಡೇಶ್ವರದ ರೈಲ್ವೆ ಗೇಟಿನ ಹಳಿ ಇವೆಲ್ಲ ತೆಳು ಟಯರಿಗೆ ವೈರಿಗಳೇ. ಕನಿಷ್ಠ 28 ಬೇಕು, 32 ಆದರೆ ನೆಮ್ಮದಿ. 70 ಕೆ.ಜಿ. ತೂಕದವರು 25ರ ಟಯರಿಗೆ 90ರಿಂದ 100 ಪಿಎಸ್‌ಐ ಹಾಕಿ ಬೆನ್ನು ನೋಯಿಸಿಕೊಳ್ಳುವ ಬದಲು 32ರ ಟಯರಿಗೆ 60, 65 ಹಾಕಿ ಆರಾಮವಾಗಿ ಹೋಗಬಹುದು. ಹೊಂಡಕ್ಕೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುವುದೂ ಕಡಿಮೆ.

ಅಳೆಯುವುದು ಸುಲಭ. ನೋಡಬೇಕಾದ ಜಾಗ ನಾಲ್ಕು: ಫೋರ್ಕ್ ಕ್ರೌನಿನ (ಮುಂದಿನ ಫೋರ್ಕಿನ ಎರಡು ಕಾಲು ಕೂಡುವ ಜಾಗ) ಅಡಿ, ಸೀಟ್ ಟ್ಯೂಬಿನ (ಸೀಟಿನಿಂದ ಕೆಳಗಿಳಿಯುವ ಪೈಪು) ಹಿಂಬದಿ, ಚೈನ್‌ಸ್ಟೇಗಳ (ಬಾಟಮ್ ಬ್ರ್ಯಾಕೆಟ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪೈಪುಗಳು) ನಡುವೆ, ಹಿಂದಿನ ಬ್ರೇಕ್ ಕೂರುವ ಬ್ರಿಜ್ಜಿನ ಕೆಳಗೆ. ಟಯರ್ ಹಾಕಿ ಗಾಳಿ ತುಂಬಿಸಿ, 4 ಮಿ.ಮೀ. ಅಲೆನ್ ಕೀ ತೂರಿಸಿ. ಎಲ್ಲ ಕಡೆಯೂ ಅದು ಸಲೀಸಾಗಿ ಹೋಗಬೇಕು. ಮಳೆಗಾಲಕ್ಕೆ 6 ಮಿ.ಮೀ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಟಯರಿಗಂಟಿದ ಕೆಂಪು ಮಣ್ಣು, ಸಣ್ಣ ಜಲ್ಲಿ ಪೈಪಿನ ಪೇಂಟನ್ನು ಉಜ್ಜಿ ತೆಗೆಯುತ್ತದೆ. ಟಯರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ಅಗಲದ ರಿಮ್ಮಿಗೆ ಹಾಕಿದರೆ 25 ಎಂದು ಬರೆದದ್ದು 27 ಬಂದೀತು. ಇನ್ನೊಂದು ವಿಷಯವನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ: ಈ ಫ್ರೇಮಿನಲ್ಲಿ ಹಿಂದಿನ ಚಕ್ರ ನಿಲ್ಲುವ ಜಾಗವೇ ಬದಲಾಗುತ್ತದೆ. ಹಿಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಹೆಚ್ಚಾದರೆ ಆಕ್ಸಲ್ ಸುಮಾರು 3 ಮಿ.ಮೀ. ಮುಂದೆ ಬರುತ್ತದೆ, ಚೈನಿನಲ್ಲಿ ಒಂದು ಇಂಚು ತೆಗೆದರೆ 12.7 ಮಿ.ಮೀ. ಹಾಗಾಗಿ 16 ಹಲ್ಲಿನಲ್ಲಿ ಸರಿಯಾಗಿ ಕೂತಿದ್ದ ಟಯರ್ 18ಕ್ಕೆ ಹೋದಾಗ ಸೀಟ್ ಟ್ಯೂಬಿಗೆ ತಾಗಬಹುದು. ಆಗ ಚೈನ್ ಉದ್ದ ಮಾಡಬೇಕು; ಪೂರ್ತಿ ಒಂದು ಇಂಚು ಸೇರಿಸಿದರೆ ಚಕ್ರ ತೀರಾ ಹಿಂದೆ ಹೋಗುತ್ತದೆ ಎನಿಸಿದರೆ ಅರ್ಧ ಇಂಚಿನ ಹಾಫ್ ಲಿಂಕ್ ಒಂದನ್ನು ಹಾಕಿ, 6 ಮಿ.ಮೀ.ನಷ್ಟೇ ಸರಿಯುತ್ತದೆ.

ಬ್ರೇಕಿನ ವಿಷಯದಲ್ಲಿ ರಾಜಿಯೇ ಇಲ್ಲ. ಫಿಕ್ಸೆಡ್ ಗೇರಿನಲ್ಲಿ ಕಾಲಿನಿಂದಲೇ ನಿಲ್ಲಿಸುತ್ತೇನೆ ಎನ್ನುವವರು ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಹಂಪನಕಟ್ಟೆ ಕಡೆಗೆ ಮಳೆಯಲ್ಲಿ ಒಮ್ಮೆ ಇಳಿದು ನೋಡಬೇಕು ಮಾರಾಯ್ರೆ. ಬ್ರೇಕ್ ಬಿದ್ದಾಗ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಿಂದಿನ ಚಕ್ರವೊಂದರಿಂದಲೇ ನಿಲ್ಲಬೇಕೆಂದರೆ ಒಣ ರಸ್ತೆಯಲ್ಲೂ ದೂರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಮುಂದಿನ ಬ್ರೇಕ್ ಇರಲೇಬೇಕು. ಅದಕ್ಕೆ ಫೋರ್ಕ್ ಕ್ರೌನಿನಲ್ಲಿ ತೂತಿದೆಯಾ ಎಂದು ನೋಡಿ. ತೂತಿಲ್ಲದ ಫೋರ್ಕಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಡ್ರಿಲ್ ಹೊಡೆಸುವ ಯೋಚನೆ ಬೇಡ, ಕಾರ್ಬನ್ ಆದರಂತೂ ಖಂಡಿತ ಬೇಡ. ತೂತಿರುವ ಸ್ಟೀಲ್ ಫೋರ್ಕೇ ತರಿಸಿ. ತರಿಸುವಾಗ ಆಕ್ಸಲ್‌ನಿಂದ ಕ್ರೌನಿನವರೆಗಿನ ಉದ್ದ ಹಳೆಯದಕ್ಕೆ ಹೊಂದುತ್ತದಾ ನೋಡಿ, 10 ಮಿ.ಮೀ. ಉದ್ದ ಹೆಚ್ಚಾದರೆ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಮುಂದಿನ ಪೈಪು) ಕೋನ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಲಗುತ್ತದೆ, ಅಷ್ಟಾದರೆ ಪರವಾಗಿಲ್ಲ, 25 ಆದರೆ ಸೈಕಲ್‌ನ ಸ್ವಭಾವವೇ ಬೇರೆ. 28ರ ಟಯರಿನ ಜೊತೆಗೆ ಮಡ್‌ಗಾರ್ಡ್ ಕೂಡ ಬೇಕೆಂದರೆ 47ರಿಂದ 57 ಮಿ.ಮೀ. ರೀಚ್ (ಬೋಲ್ಟಿನಿಂದ ಬ್ರೇಕ್ ರಬ್ಬರಿಗಿರುವ ದೂರ) ಇರುವ ಕ್ಯಾಲಿಪರ್ ಬ್ರೇಕ್ ಬೇಕು. ಸಾಮಾನ್ಯ 39–49ರದ್ದು ಸಾಲುವುದಿಲ್ಲ.

ಕಾಲಿನ ತುದಿ ಮುಂದಿನ ಟಯರಿಗೆ ತಾಗುವ ಸಮಸ್ಯೆ ಅಂಗಡಿಯ ಮುಂದೆ ಒಂದು ರೌಂಡ್ ಹೊಡೆದರೆ ಗೊತ್ತಾಗುವುದಿಲ್ಲ, ಟ್ರಾಫಿಕ್ಕಿನಲ್ಲಿ ಗೊತ್ತಾಗುತ್ತದೆ. ಲೆಕ್ಕ ಹೀಗೆ: ಕ್ರ್ಯಾಂಕ್ (ಪೆಡಲಿನ ತೋಳು) 165 ಮಿ.ಮೀ., ಪೆಡಲ್ ಆಕ್ಸಲ್‌ನಿಂದ ಶೂ ತುದಿಗೆ ಸುಮಾರು 100, 28ರ ಟಯರ್ ಸೇರಿ ಚಕ್ರದ ಅರ್ಧವ್ಯಾಸ 339. ಒಟ್ಟು 604. ಬಾಟಮ್ ಬ್ರ್ಯಾಕೆಟ್‌ನ ನಡುವಿನಿಂದ ಮುಂದಿನ ಆಕ್ಸಲ್‌ಗೆ ಟೇಪ್ ಹಿಡಿದರೆ ಮಧ್ಯಮ ಸೈಜಿನ ಟ್ರ್ಯಾಕ್ ಫ್ರೇಮಿನಲ್ಲಿ 570, 580 ಬರುತ್ತದೆ. ಅಂದರೆ ಎರಡು ಮೂರು ಸೆಂ.ಮೀ. ಅತಿಕ್ರಮಣ, ಮಡ್‌ಗಾರ್ಡ್ ಹಾಕಿದರೆ ಇನ್ನೊಂದು ಸೆಂ.ಮೀ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲವಾದ್ದರಿಂದ ಏನೂ ಆಗುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಎದುರು ಎರಡು ಬಸ್ಸಿನ ನಡುವೆ ನಡೆಯುವ ವೇಗದಲ್ಲಿ ತಿರುಗಿಸುವಾಗ ಆಗುತ್ತದೆ. ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಹಲ್ಲುಚಕ್ರ) ಇದ್ದರೆ ಒಳಗಿನ ಕಾಲನ್ನು ಹಿಂದೆ ಇಟ್ಟು ತಿರುಗಿಸಬಹುದು. ಫಿಕ್ಸೆಡ್‌ನಲ್ಲಿ ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ, ಕಾಲು ತಾನಾಗಿ ಟಯರಿನ ಎದುರು ಬಂದು ನಿಲ್ಲುತ್ತದೆ. ಅಲ್ಲಿಗೆ ಬೀಳುವುದೇ. ಫ್ರೇಮ್ ಕೊಳ್ಳುವಾಗ ಈ ಅಳತೆ 595ಕ್ಕಿಂತ ಕಡಿಮೆ ಇದ್ದರೆ ದಿನಬಳಕೆಗೆ ಫ್ರೀವೀಲಿನಲ್ಲೇ ಓಡಿಸಿ.

ಟ್ರ್ಯಾಕ್ ಸೈಕಲ್ ಚುರುಕಾಗಿರುವುದಕ್ಕೆ ಕಡಿಮೆ ಟ್ರೇಲ್ (ಹೆಡ್ ಟ್ಯೂಬಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟಯರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಾರಣ ಎಂದು ಕೆಲವರು ಹೇಳುವುದುಂಟು. ಲೆಕ್ಕ ಹಾಗೆ ಬರುವುದಿಲ್ಲ. 74.5 ಡಿಗ್ರಿ ಕೋನಕ್ಕೆ 35 ಮಿ.ಮೀ. ರೇಕ್ (ಆ ಗೆರೆಗಿಂತ ಆಕ್ಸಲ್ ಮುಂದಿರುವ ದೂರ) ಹಾಕಿದರೆ ಟ್ರೇಲ್ ಸುಮಾರು 57. ರೋಡ್ ಸೈಕಲ್‌ನ 73 ಡಿಗ್ರಿಗೆ 45 ಹಾಕಿದರೆ 55. ಹೆಚ್ಚುಕಡಿಮೆ ಒಂದೇ. ಚುರುಕು ಬರುವುದು ಗಿಡ್ಡ ವೀಲ್‌ಬೇಸಿನಿಂದ (ಎರಡು ಆಕ್ಸಲ್‌ಗಳ ನಡುವಿನ ಅಂತರ) ಮತ್ತು ಬಗ್ಗಿ ಕೂರಿಸುವ ಹ್ಯಾಂಡಲಿನಿಂದ. ಹ್ಯಾಂಡಲ್ ಬದಲಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಟ್ರ್ಯಾಕ್ ಡ್ರಾಪ್ ಹ್ಯಾಂಡಲಿನ ಬಾಗಿಗೆ ಬ್ರೇಕ್ ಲಿವರ್ ಸರಿಯಾಗಿ ಕೂರುವುದೂ ಇಲ್ಲ, ಅದನ್ನು ಕಳಚಿಟ್ಟು ನೇರ ಹ್ಯಾಂಡಲ್ ಹಾಕಿ. ಹ್ಯಾಂಡಲನ್ನು ಹಿಡಿಯುವ ಸ್ಟೆಮ್ಮಿನ ಹಿಡಿತ 25.4, 26.0, 31.8 ಮಿ.ಮೀ. ಹೀಗೆ ಮೂರು ಬಗೆ ಇರುತ್ತದೆ, ವರ್ನಿಯರ್ ಹಿಡಿದು ಅಳೆದ ಮೇಲೆ ಆರ್ಡರ್ ಮಾಡಿ.

ಗೇರ್ ಅನುಪಾತಕ್ಕೆ ಬಂದರೆ, ತಯಾರಾಗಿ ಬರುವ ಸೈಕಲ್‌ಗಳಲ್ಲಿ ಹಲವು ಸಮತಟ್ಟು ಊರಿಗೆ ಲೆಕ್ಕ ಹಾಕಿದವು. ಮುಂದೆ 48 ಹಲ್ಲು, ಹಿಂದೆ 16, ಅಂದರೆ 3.0. ಪೆಡಲ್ ಒಂದು ಸುತ್ತಿಗೆ 6.4 ಮೀಟರ್. ಸುರತ್ಕಲ್–ಕೂಳೂರು ಹೆದ್ದಾರಿಯಲ್ಲಿ ಇದು ಖುಷಿ ಕೊಡುತ್ತದೆ. ಬಂದರಿನಿಂದ ಹಂಪನಕಟ್ಟೆ, ಅಲ್ಲಿಂದ ಬಲ್ಮಠ ಏರಿದರೆ, ಬಿಜೈಯಿಂದ ಕದ್ರಿಗೆ ಹೋದರೆ ಮೊಣಕಾಲು ಬೈಯುತ್ತದೆ. ಮಂಗಳೂರು ನಗರದೊಳಗೆ 44/18 ಸರಿ, 2.44, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 25 ಕಿ.ಮೀ. ಬರುತ್ತದೆ, ಪೇಟೆಗೆ ಅದಕ್ಕಿಂತ ಹೆಚ್ಚು ಯಾಕೆ? ಉಡುಪಿಯಲ್ಲಿ ಕಲ್ಸಂಕದಿಂದ ಇಂದ್ರಾಳಿ ದಾಟಿ ಮಣಿಪಾಲ ಹತ್ತುವವರು 42/18 ನೋಡಿ. ಇಳಿಯುವಾಗ ತಿರುಗುಮುರುಗು: 44/18ರಲ್ಲಿ 40 ಕಿ.ಮೀ. ವೇಗಕ್ಕೆ ಕಾಲು ನಿಮಿಷಕ್ಕೆ 128 ಸುತ್ತು ತಿರುಗಬೇಕು. ಫಿಕ್ಸೆಡ್ ಓಡಿಸುವವರು ಮಣಿಪಾಲದಿಂದ ಇಳಿಯುವಾಗ ಆರಂಭದಿಂದಲೇ ಬ್ರೇಕ್ ಹಿಡಿದುಕೊಂಡಿರಬೇಕು, ವೇಗ ಏರಿದ ಮೇಲೆ ಹಿಡಿದರೆ ಕಾಲು ಪೆಡಲಿನಿಂದ ಹಾರುತ್ತದೆ. 48/16ಕ್ಕೆ ಇನ್ನೊಂದು ಶಾಪ ಉಂಟು: ಅನುಪಾತ ಸರಿಯಾಗಿ ಮೂರು ಆದ್ದರಿಂದ ಕಾಲಿನಿಂದ ಲಾಕ್ ಮಾಡಿ ಜಾರಿಸುವವರ ಟಯರ್ ಪ್ರತಿ ಸಲವೂ ಒಂದೇ ಜಾಗದಲ್ಲಿ ಸವೆಯುತ್ತದೆ. 44/18ರಲ್ಲಿ ಸವೆತ ಒಂಬತ್ತು ಜಾಗಕ್ಕೆ ಹಂಚುತ್ತದೆ, 46/17ರಲ್ಲಿ ಹದಿನೇಳಕ್ಕೆ.

ಹಿಂದಿನ ಚಕ್ರದ ಹೆಚ್ಚಿನ ಹಬ್‌ಗಳು ಎರಡು ಬದಿಯವು, ಒಂದು ಕಡೆ ಫಿಕ್ಸೆಡ್, ಇನ್ನೊಂದು ಕಡೆ ಫ್ರೀವೀಲ್. ಎರಡರಲ್ಲೂ ಮುಖ್ಯ ಥ್ರೆಡ್ 1.37 ಇಂಚು × 24 (ಇಂಚಿಗೆ 24 ಸುತ್ತು). ಫಿಕ್ಸೆಡ್ ಕಡೆ ಅದರ ಹೊರಗೆ ಸ್ವಲ್ಪ ಸಣ್ಣ ವ್ಯಾಸದ ಎಡ ಥ್ರೆಡ್ ಇರುತ್ತದೆ, ಹಲ್ಲುಚಕ್ರ ಬಿಚ್ಚದಂತೆ ಹಿಡಿಯುವ ಲಾಕ್‌ರಿಂಗಿಗೆ. ಪರಿಚಯವಿಲ್ಲದ ಮೆಕ್ಯಾನಿಕ್ ಫಿಕ್ಸೆಡ್ ಹಲ್ಲುಚಕ್ರವನ್ನು ಫ್ರೀವೀಲ್ ಬದಿಗೆ ತಿರುಗಿಸಿ ಕೊಟ್ಟರೆ ಅದು ಕೂರುತ್ತದೆ, ಓಡುತ್ತದೆ, ಹಿಂದಕ್ಕೆ ಒತ್ತಿದ ದಿನ ಬಿಚ್ಚಿಕೊಳ್ಳುತ್ತದೆ. ಲಾಕ್‌ರಿಂಗ್ ಇಲ್ಲದೆ ಫಿಕ್ಸೆಡ್ ಓಡಿಸಬಾರದು. ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಚೈನ್ ವಿಪ್ ಎಂಬ ಉಪಕರಣದಿಂದ ಹಲ್ಲುಚಕ್ರ ಬಿಗಿಮಾಡಿ, ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿ ಬಿಗಿಮಾಡಿ. ಆಮೇಲೆ ಒಂದು ಏರು ಹತ್ತಿ ಬನ್ನಿ. ತುಳಿದ ಬಲಕ್ಕೆ ಹಲ್ಲುಚಕ್ರ ಇನ್ನಷ್ಟು ಒಳಗೆ ಹೋಗಿ ಲಾಕ್‌ರಿಂಗ್ ಸಡಿಲಾಗಿರುತ್ತದೆ, ಮತ್ತೊಮ್ಮೆ ಬಿಗಿಮಾಡಬೇಕು. ಈ ಎರಡನೇ ಸಲದ ಬಿಗಿಯನ್ನು ಬಿಟ್ಟುಬಿಟ್ಟಲ್ಲೇ ಹಬ್‌ನ ಥ್ರೆಡ್ ಕಿತ್ತುಹೋಗುವುದು.

ಹಿಂದಕ್ಕೆ ತೆರೆದ ಡ್ರಾಪ್‌ಔಟ್ ಚೈನ್ ಬಿಗಿ ಮಾಡಲು ಒಳ್ಳೆಯದು, ಪಂಕ್ಚರ್ ದಿನ ಕಿರಿಕಿರಿ. ಚಕ್ರವನ್ನು ಮೊದಲು ಮುಂದಕ್ಕೆ ತಳ್ಳಿ ಚೈನ್ ಇಳಿಸಬೇಕು, ಆಮೇಲೆ ಹಿಂದಕ್ಕೆ ಎಳೆಯಬೇಕು. ಪೂರ್ತಿ ಮಡ್‌ಗಾರ್ಡ್ ಇದ್ದರೆ ಚಕ್ರ ಅದಕ್ಕೇ ಗುದ್ದುತ್ತದೆ. ಮಡ್‌ಗಾರ್ಡಿನ ಕೆಳಗಿನ ಸ್ಕ್ರೂ ಬಿಚ್ಚದೆ ಹೊರಗೆ ಬರುವುದಿಲ್ಲ. 15ರ ಸ್ಪ್ಯಾನರ್ ಬ್ಯಾಗಿನಲ್ಲಿ ಇರಲೇಬೇಕು. ಮರಳಿ ಹಾಕುವಾಗ ಚೈನಿನ ನಡುಭಾಗ ಬೆರಳಿಗೆ 10ರಿಂದ 12 ಮಿ.ಮೀ. ಮೇಲೆ ಕೆಳಗೆ ಆಡಬೇಕು, ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಅತಿ ಬಿಗಿಯಾಗುವ ಜಾಗದಲ್ಲಿ ಇದನ್ನು ನೋಡಿ. ಚೈನ್‌ವೀಲ್ ಯಾವುದೂ ನೂರಕ್ಕೆ ನೂರು ದುಂಡಗಿರುವುದಿಲ್ಲ. ಬಲಗಡೆಯ ನಟ್ ಸಡಿಲಿದ್ದರೆ ಏರಿನಲ್ಲಿ ತುಳಿದಾಗ ಆಕ್ಸಲ್ ಮುಂದಕ್ಕೆ ಎಳೆದು ಟಯರ್ ಎಡ ಚೈನ್‌ಸ್ಟೇಗೆ ಉಜ್ಜುತ್ತದೆ; ಬಲಗಡೆಗೊಂದು ಚೈನ್ ಟಗ್ (ಆಕ್ಸಲ್ ಮುಂದೆ ಸರಿಯದಂತೆ ಹಿಡಿಯುವ ಸ್ಕ್ರೂ) ಹಾಕಿದರೆ ಈ ರಗಳೆ ಇಲ್ಲ. ಹಿಂದೆಯೂ ಬ್ರೇಕ್ ಇದ್ದರೆ ಚಕ್ರ ಸರಿಸಿದ ಪ್ರತಿ ಸಲ ಬ್ರೇಕ್ ರಬ್ಬರ್ ರಿಮ್ಮಿನ ಮೇಲೇ ಕೂರುತ್ತದಾ ಎಂದು ನೋಡಿ, ಟಯರಿಗೆ ತಾಗಿದರೆ ವಾರದೊಳಗೆ ಕೊರೆದುಬಿಡುತ್ತದೆ.

ಮಡ್‌ಗಾರ್ಡಿಗೆ ಈ ಫ್ರೇಮಿನಲ್ಲಿ ಕಣ್ಣು (ಸ್ಕ್ರೂ ಹಾಕುವ ತೂತು) ಇರುವುದಿಲ್ಲ. ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಅಂಗಿ ಉಳಿಸುತ್ತದೆ, ಸೈಕಲ್ ಉಳಿಸುವುದಿಲ್ಲ. ಮುಂದಿನ ಚಕ್ರ ಎರಚುವ ನೀರು ನೇರ ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಕೆಳಗಿನ ಕಪ್ಪಿಗೂ ಬಾಟಮ್ ಬ್ರ್ಯಾಕೆಟಿಗೂ ಹೊಡೆಯುತ್ತದೆ. ಆಗಸ್ಟ್ ಹೊತ್ತಿಗೆ ಹ್ಯಾಂಡಲ್ ನಡುವಿನಲ್ಲಿ ‘ಟಕ್’ ಎಂದು ಕೂರತೊಡಗಿದರೆ ಬೇರಿಂಗ್ ಹೋಯಿತೆಂದೇ ಅರ್ಥ. ಮಳೆಗಾಲಕ್ಕೆ ಮುಂಚೆ ಎರಡನ್ನೂ ಬಿಚ್ಚಿ ನೀರಿಗೆ ತಡೆಯುವ ಗ್ರೀಸ್ ತುಂಬಿಸಿ. ಅಲ್ಯುಮಿನಿಯಂ ಸೀಟ್‌ಪೋಸ್ಟ್ ಸ್ಟೀಲ್ ಫ್ರೇಮಿನಲ್ಲಿ ಉಪ್ಪು ಗಾಳಿಗೆ ಕಚ್ಚಿಕೊಳ್ಳುತ್ತದೆ, ವರ್ಷಕ್ಕೆ ಎರಡು ಸಲ ಎಳೆದು ಗ್ರೀಸ್ ಹಚ್ಚಿ ಇಳಿಸಿ. ಎಳೆದಾಗಲೇ ಸೈಕಲನ್ನು ತಲೆಕೆಳಗು ಮಾಡಿ ಒಳಗಿನ ನೀರು ಬಸಿಯಲಿ, ಬಾಟಮ್ ಬ್ರ್ಯಾಕೆಟ್ ಅಡಿಯ ಸಣ್ಣ ತೂತು ಮಣ್ಣಿನಿಂದ ಮುಚ್ಚಿದ್ದರೆ ಕಡ್ಡಿ ಹಾಕಿ ತೆಗೆಯಿರಿ. ಚೈನಿನ 12 ಇಂಚು ಉದ್ದದಲ್ಲಿ 2 ಮಿ.ಮೀ.ಗಿಂತ ಹೆಚ್ಚು ಎಳೆತ ಕಂಡರೆ ಬದಲಿಸಿ, ಇಲ್ಲದಿದ್ದರೆ ಹಲ್ಲುಚಕ್ರವನ್ನೂ ತಿನ್ನುತ್ತದೆ.

ಸಾಮಾನು ಹೊರುವ ಮಾತು ಬಿಡಿ. ಬಂದರಿನಿಂದ ಬಂಗುಡೆ ತರಲು ಇದು ಸೈಕಲಲ್ಲ. ಸೀಟ್‌ಸ್ಟೇಗೆ (ಸೀಟಿನ ಅಡಿಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಪೈಪು) ಪಿ-ಕ್ಲಾಂಪ್ ಎಂಬ ಪಟ್ಟಿ ಹಾಕಿ ಸಣ್ಣ ಕ್ಯಾರಿಯರ್ ನಿಲ್ಲಿಸಬಹುದು, ಎಂಟು ಕೆ.ಜಿ. ದಾಟಿಸಬೇಡಿ. ಸೈಡ್ ಸ್ಟ್ಯಾಂಡನ್ನು ತೆಳು ಚೈನ್‌ಸ್ಟೇಗೆ ಬಿಗಿದರೆ ಪೈಪ್ ನೆಗ್ಗುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಟ್ರ್ಯಾಕ್ ಡ್ರಾಪ್‌ಔಟ್ ಇದ್ದೂ ರಸ್ತೆಗೆಂದೇ ಮಾಡಿದ ಫ್ರೇಮ್‌ಗಳಿವೆ. ಸರ್ಲಿ ಕಂಪನಿಯ ಸ್ಟೀಮ್‌ರೋಲರ್ ಇದಕ್ಕೆ ಒಳ್ಳೆಯ ಮಾದರಿ: ಕ್ರೋಮೋಲಿ ಸ್ಟೀಲ್, ಹಿಂದಿನ ಹಬ್ ಕೂರುವ ಜಾಗ 120 ಮಿ.ಮೀ. ಅಗಲ, ಬ್ರೇಕಿಗೆ ತೂತು, 38 ಮಿ.ಮೀ. ಟಯರಿನವರೆಗೆ ಜಾಗ. ಅದೇ ಬೇಕೆಂದಿಲ್ಲ, ಅದರ ಅಳತೆಗಳನ್ನು ಇಟ್ಟುಕೊಂಡು ಬೇರೆಯದನ್ನು ತೂಗಿ ನೋಡಿ. ಇದಕ್ಕಿಂತ ಅಗ್ಗದ ದಾರಿ, ಮನೆಯ ಹಿಂದೆ ಬಿದ್ದಿರುವ 27 ಇಂಚಿನ ಹಳೆಯ ಸ್ಟೀಲ್ ಸ್ಪೋರ್ಟ್ಸ್ ಸೈಕಲ್. ಅದರ ಡ್ರಾಪ್‌ಔಟ್ ಮುಂದಕ್ಕೆ ಓರೆಯಾಗಿ ತೆರೆದಿದ್ದರೆ ಚೈನ್ ಬಿಗಿಮಾಡಲು ಸಾಕು, ಮಡ್‌ಗಾರ್ಡ್ ಇದ್ದರೂ ಚಕ್ರ ಸಲೀಸಾಗಿ ಬರುತ್ತದೆ. 700ಸಿ ಚಕ್ರ ಹಾಕಿದರೆ ರಿಮ್ 4 ಮಿ.ಮೀ. ಒಳಗೆ ಹೋಗುತ್ತದೆ, ಬ್ರೇಕ್ ರಬ್ಬರನ್ನು ಅಷ್ಟು ಕೆಳಗಿಳಿಸಬೇಕು. ಅಪ್ಪಟ ಟ್ರ್ಯಾಕ್ ಫ್ರೇಮ್ ಈಗಾಗಲೇ ಕೈಯಲ್ಲಿದ್ದು, ಟಯರಿಗೆ ಜಾಗವೂ ಇದ್ದರೆ ಸ್ಟರ್ಮಿ ಆರ್ಚರ್‌ನ ಗೇರ್ ಒಳಗೇ ಇರುವ ಮೂರು ಸ್ಪೀಡಿನ ಎ.ಡಬ್ಲ್ಯು. (AW) ಹಬ್ ಆ 120 ಮಿ.ಮೀ.ಯೊಳಗೆ ವಾಷರ್ ಹಾಕಿ ಕೂರುತ್ತದೆ. 44/18 ಇಟ್ಟರೆ 1.83, 2.44, 3.26 ಮೂರೂ ಸಿಗುತ್ತವೆ, ಮಣಿಪಾಲ ಕೂತೇ ಹತ್ತಬಹುದು.

ಸೆಕೆಂಡ್‌ಹ್ಯಾಂಡ್ ಆದರೆ ಫೋಟೋ ನೋಡಿ ಹಣ ಕಳಿಸಬೇಡಿ. ಡೌನ್ ಟ್ಯೂಬಿನ ಕೆಳಬದಿ, ಹೆಡ್ ಟ್ಯೂಬಿನ ಹತ್ತಿರ ಬೆರಳಾಡಿಸಿ, ಪೇಂಟ್ ಸುಕ್ಕುಗಟ್ಟಿದ್ದರೆ ಎಲ್ಲೋ ಗುದ್ದಿದೆ. ಡ್ರಾಪ್‌ಔಟ್‌ನಲ್ಲಿ ನಟ್ ಕಚ್ಚಿದ ಗುರುತು ಆಳವಾಗಿದ್ದರೆ ಆಕ್ಸಲ್ ಹೊಸ ಜಾಗದಲ್ಲಿ ನಿಲ್ಲದೆ ಹಳೆಯ ಹೊಂಡಕ್ಕೇ ಜಾರುತ್ತದೆ. ಲಾಕ್‌ರಿಂಗ್ ಬಿಚ್ಚಿಸಿ ಎಡ ಥ್ರೆಡ್ಡನ್ನು ಕಣ್ಣಾರೆ ನೋಡಿ. ಅದು ಸವೆದಿದ್ದರೆ ಆ ಚಕ್ರ ಫ್ರೀವೀಲಿಗೆ ಮಾತ್ರ ಆಗುತ್ತದೆ, ಬೆಲೆಯನ್ನೂ ಹಾಗೆಯೇ ಮಾತಾಡಿ.